ತೆರೆ ಇಲ್ಲದ ಜಾಗ

ಈ ಸಂಚಿಕೆಯಲ್ಲಿ ಪ್ರಯೋಗಾಲಯ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲ. ಇಬ್ಬರು ಮಕ್ಕಳು, ಒಬ್ಬ ಅಜ್ಜಿ, ಒಂದು ದೊಡ್ಡ ಡಬ್ಬಿ ಚಿತ್ರಾನ್ನ, ಮತ್ತು ಸಿಡ್ನಿಯ ಬ್ರಾಂಟೆ ಬೀಚಿನಲ್ಲಿ ಕಳೆದ ಒಂದು ದಿನ ಇದೆ. ಆ ದಿನ ನಾವು ಒಂದು ತಪ್ಪು ಮಾಡಿದೆವು. ನಾಲ್ಕು ಜನಕ್ಕೆ ವಿಜ್ಞಾನ ಹೇಳುವವರು ಅನ್ನಿಸಿಕೊಂಡ ನಾವೇ ಮಾಡಿದ ತಪ್ಪು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದ್ರೂ ಹೇಳ್ತೀವಿ, ಯಾಕಂದ್ರೆ ಕೇಳ್ತಾ ಇರೋ ನಿಮ್ಮಲ್ಲಿ ಬಹಳ ಜನ ಇವತ್ತೋ ನಾಳೆಯೋ ಮಕ್ಕಳನ್ನು ಕರ್ಕೊಂಡು ಯಾವುದಾದರೊಂದು ಕಡಲ ದಡಕ್ಕೆ ಹೊರಡುವವರೇ.

ಸಂಕ್ರಾಂತಿ ಕಳೆದ ಮೊದಲ ಶನಿವಾರ. ಊರಲ್ಲಿ ಚಳಿ, ಇಲ್ಲಿ ಸುಡುಬೇಸಿಗೆ, ಶಾಲೆಗಳಿಗೆ ರಜೆ. ಅಜ್ಜಿ ಅರಸೀಕೆರೆ ಕಡೆಯವರು, ಸಿಡ್ನಿಗೆ ಬಂದು ಮೂರು ವಾರ ಆಗಿತ್ತು. ಅವರು ತಂದಿದ್ದ ಎಳ್ಳು-ಬೆಲ್ಲ ಇನ್ನೂ ಖಾಲಿಯಾಗಿರಲಿಲ್ಲ. ಕಡಲನ್ನು ಅವರು ಅಲ್ಲಿಯವರೆಗೆ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. ಅದೂ ಕಾಲು ನೆನೆಸಿ, ತಲೆ ಮೇಲೆ ಮೂರು ಹನಿ ಚಿಮುಕಿಸಿಕೊಂಡು, ಬಸ್ ಹೊರಡುತ್ತೆ ಅಂತ ಓಡಿ ಬಂದಿದ್ದು. ಹಾಗಾಗಿ ಈ ಸಲ ಅವರಿಗೆ ಕಡಲನ್ನು ಕೂತು ನೋಡಬೇಕು ಅಂತ ಆಸೆ. ಮಕ್ಕಳಿಗಂತೂ ಕೇಳೋದೇ ಬೇಡ. ದೊಡ್ಡವಳಿಗೆ ಆರು, ಚಿಕ್ಕವನಿಗೆ ಮೂರು.

ನಾವಿರೋದು ಸಿಡ್ನಿಯ ಪಶ್ಚಿಮಕ್ಕೆ, ವೆಂಟ್‌ವರ್ತ್‌ವಿಲ್ ಹತ್ತಿರ. ಕಡಲು ಪೂರ್ವಕ್ಕೆ. ನಡುವೆ ಇಡೀ ಊರು. ಕಾರಲ್ಲಿ ಹೋದರೆ ಪಾರ್ಕಿಂಗ್ ಸಿಗೋದಿಲ್ಲ ಅಂತ ಗೊತ್ತಿದ್ದರಿಂದ ಎರಡು ರೈಲು, ಒಂದು ಬಸ್ ಹಿಡಿದು ಹೊರಟೆವು. ಸಮುದ್ರಕ್ಕೆ ಹೋಗುವ ನಮ್ಮವರನ್ನು ದೂರದಿಂದಲೇ ಗುರುತಿಸಬಹುದು: ಸರ್ಫ್ ಬೋರ್ಡ್ ಇರಲ್ಲ, ಸ್ಟೀಲ್ ಡಬ್ಬಿಗಳಿರುತ್ತವೆ.

ಬಸ್ ಇಳಿದ ತಕ್ಷಣ ಸನ್‌ಸ್ಕ್ರೀನ್ ವಿಷಯಕ್ಕೆ ಸಣ್ಣ ಜಗಳ. "ನಮ್ಮ ಮೈಬಣ್ಣಕ್ಕೆ ಯಾಕೆ ಇದೆಲ್ಲ, ಬೆಳ್ಳಗಿರೋರಿಗೆ ತಾನೆ?" ಅಂತ ಅಜ್ಜಿ. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಕಪ್ಪು ಚರ್ಮದ ಮೇಲ್ಪದರದಲ್ಲಿರುವ ಮೆಲನಿನ್ ಅತಿನೇರಳೆ ಕಿರಣವನ್ನು ತಡೆಯುತ್ತದೆ. 1979ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದ ಪ್ರಕಾರ ಗಾಢ ಬಣ್ಣದ ಚರ್ಮದ ಸಹಜ ರಕ್ಷಣೆ ಎಸ್‌ಪಿಎಫ್ ಲೆಕ್ಕದಲ್ಲಿ ಸುಮಾರು 13, ಬಿಳಿ ಚರ್ಮದ್ದು 3ರ ಆಸುಪಾಸು. ಇಲ್ಲಿ ಮಕ್ಕಳಿಗೆ ಹಚ್ಚುವ ಸನ್‌ಸ್ಕ್ರೀನ್ 50ರದ್ದು. ಅತಿನೇರಳೆ ಸೂಚ್ಯಂಕ 3 ಆದರೇ ಎಚ್ಚರ ವಹಿಸಿ ಅನ್ನುತ್ತಾರೆ. ಸಿಡ್ನಿಯ ಜನವರಿ ಮಧ್ಯಾಹ್ನದಲ್ಲಿ ಅದು 11 ದಾಟುವುದು ಮಾಮೂಲಿ. ಚರ್ಚೆ ಮುಗಿಯುವಷ್ಟರಲ್ಲಿ ಮಕ್ಕಳು ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಾಗಿದ್ದರು. ಅಜ್ಜಿ ಕೊಡೆ ಬಿಚ್ಚಿಕೊಂಡರು. ಬಿಸಿಲಿಗೆ ಕೊಡೆಯೂ ಒಳ್ಳೇ ವಿಜ್ಞಾನವೇ.

ಬ್ರಾಂಟೆ ಚಿಕ್ಕ ಬೀಚು. ಎರಡೂ ಕಡೆ ಮರಳುಗಲ್ಲಿನ ಬಂಡೆ, ಹಿಂದೆ ಹುಲ್ಲುಹಾಸಿನ ದೊಡ್ಡ ಉದ್ಯಾನ. ದಕ್ಷಿಣದ ತುದಿಯಲ್ಲಿ ಬಂಡೆಗೆ ಅಂಟಿಕೊಂಡಂತೆ ಕಟ್ಟಿದ ಈಜುಕೊಳ, ಅದರ ಪಕ್ಕದಲ್ಲೇ ಕಲ್ಲುಗಳು ಬಳಸಿ ನಿಂತು ಆದ ಒಂದು ಹೊಂಡ. ಅದಕ್ಕೆ 'ಬೋಗಿ ಹೋಲ್' ಅಂತಾರೆ. ಬೋಗಿ ಅನ್ನೋದು ಇಂಗ್ಲಿಷ್ ಪದ ಅಲ್ಲ. ಸಿಡ್ನಿ ಸೀಮೆಯ ಮೂಲನಿವಾಸಿಗಳ ಮಾತಿನಲ್ಲಿ ಅದಕ್ಕೆ ಮೀಯುವುದು, ಈಜುವುದು ಅಂತ ಅರ್ಥ. ಕಡಲು ಇಳಿದಿರುವಾಗ ಹೊರಗಿನ ಅಲೆಗಳನ್ನು ಈ ಕಲ್ಲುಗಳೇ ತಡೆಯುತ್ತವೆ. ಒಳಗೆ ಮಕ್ಕಳ ಮೊಣಕಾಲಿಗೋ ಸೊಂಟಕ್ಕೋ ಬರುವಷ್ಟು ತಿಳಿನೀರು.

ಬೆಳಗ್ಗೆ ಒಂಬತ್ತೂವರೆ. ನೀರು ಇಳಿದಿತ್ತು. ಮಕ್ಕಳು ಹೊಂಡಕ್ಕೆ ಇಳಿದರು, ಅಜ್ಜಿ ಸೀರೆ ಎತ್ತಿಕಟ್ಟಿ ಕಲ್ಲ ಮೇಲೆ ಕೂತು ಪಾದ ಇಳಿಬಿಟ್ಟರು. ನಾವಿಬ್ಬರೂ ಜೀವಶಾಸ್ತ್ರದವರಾದ್ದರಿಂದ ಕಣ್ಣು ತಾನಾಗಿಯೇ ಅಪಾಯದ ಪ್ರಾಣಿಗಳನ್ನು ಹುಡುಕತೊಡಗಿತು. ಕಲ್ಲಿನ ಸಂದಿಗೆ ಕೈ ಹಾಕಬಾರದು ಅಂತ ಮಗಳಿಗೆ ಮೊದಲೇ ಹೇಳಿದ್ದೆವು. ಈ ಕರಾವಳಿಯ ಕಲ್ಲುಹೊಂಡಗಳಲ್ಲಿ ನೀಲಿ ಉಂಗುರದ ಆಕ್ಟೋಪಸ್ ಇರುತ್ತದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಅದರ ಕಡಿತದಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷ. ನಮಗೆ ಅದು ಕಾಣಿಸಲಿಲ್ಲ. ಕಾಣಿಸಿದ್ದು ಬೇರೆ.

ಚಿಕ್ಕವನು ಮರಳಿನಲ್ಲಿ ಓಡಿಹೋಗಿ "ಬಲೂನ್!" ಅಂತ ಕೂಗಿದ. ಒದ್ದೆ ಮರಳ ಅಂಚಿನಲ್ಲಿ, ಅಲೆ ಬಿಟ್ಟುಹೋದ ಕಸದ ಗೆರೆಯಲ್ಲಿ, ನೀಲಿ ಗಾಜಿನಂಥ ಪುಟ್ಟ ಗುಳ್ಳೆಗಳು. ಬ್ಲೂಬಾಟಲ್. ಕೈ ಚಾಚಿದ್ದವನನ್ನು ಅನಾಮತ್ತಾಗಿ ಎತ್ತಿಕೊಂಡೆವು. ಅಲ್ಲಿಂದ ಶುರುವಾಯ್ತು ನಮ್ಮ ಉಪನ್ಯಾಸ.

ನಿಜಕ್ಕೂ ಬೆರಗಿನ ಜೀವಿ ಅದು. ಎಲ್ಲರೂ ಲೋಳೆಮೀನು ಅಂತಾರೆ, ಆದರೆ ಲೋಳೆಮೀನಲ್ಲ. ಸರಿಯಾಗಿ ಹೇಳಬೇಕಂದ್ರೆ ಒಂಟಿ ಪ್ರಾಣಿಯೂ ಅಲ್ಲ, ಒಂದು ಕೂಡುಕುಟುಂಬ. ಒಂದೇ ಮೊಟ್ಟೆಯಿಂದ ಹುಟ್ಟಿ, ಮೊಗ್ಗೊಡೆಯುತ್ತಾ ಬೆಳೆದು, ಬೇರ್ಪಡದೆ ಅಂಟಿಕೊಂಡೇ ಇರುವ ಘಟಕಗಳ ಗುಂಪು. ತೇಲೋದು, ಬೇಟೆ ಹಿಡಿಯೋದು, ಜೀರ್ಣ ಮಾಡೋದು, ಸಂತಾನದ ಕೆಲಸ, ಎಲ್ಲಕ್ಕೂ ಬೇರೆ ಬೇರೆ ಘಟಕ. ಮೇಲಿನ ಗುಳ್ಳೆಗೆ ಓರೆಯಾದ ಹಾಯಿ ಇದೆ. ಕೆಲವಕ್ಕೆ ಅದು ಎಡಕ್ಕೆ ಓರೆ, ಕೆಲವಕ್ಕೆ ಬಲಕ್ಕೆ. ಒಂದೇ ಗಾಳಿಗೆ ಎಡಗೈಯವು ಒಂದು ಕಡೆ, ಬಲಗೈಯವು ಇನ್ನೊಂದು ಕಡೆ ತೇಲಿಹೋಗುತ್ತವೆ. ಗಾಳಿ ಒಂದು ಗುಂಪನ್ನು ದಡಕ್ಕೆ ತಳ್ಳಿ ಸಾಯಿಸಿದರೂ ಇನ್ನೊಂದು ಗುಂಪು ಉಳಿಯಬಹುದು. ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಬೀಸಿದಾಗ ಸಿಡ್ನಿಯ ಬೀಚುಗಳಿಗೆ ಇವು ರಾಶಿರಾಶಿ ಬರುತ್ತವೆ. ಸತ್ತು ಒಣಗುತ್ತಾ ಬಿದ್ದಿದ್ದರೂ ದಾರದಂಥ ಗ್ರಹಣಾಂಗ ಕುಟುಕುತ್ತೆ, ಯಾಕಂದ್ರೆ ಕುಟುಕು ಕೋಶಗಳು ಸ್ಪರ್ಶಕ್ಕೆ ಸಿಡಿಯುತ್ತವೆ, ಅದಕ್ಕೆ ಪ್ರಾಣಿ ಬದುಕಿರಲೇಬೇಕು ಅಂತಿಲ್ಲ.

ಇದನ್ನು ಹೇಳಿದ ಮೇಲೆ ಚಿಕಿತ್ಸೆಯನ್ನೂ ಹೇಳಿಬಿಡೋಣ. ಕುಟುಕಿದ ಜಾಗವನ್ನು ಉಜ್ಜಬೇಡಿ. ಅಂಟಿದ ದಾರವನ್ನು ಬಿಡಿಸಿ, ಕಡಲ ನೀರಲ್ಲೇ ತೊಳೆದು, ಸಹಿಸಬಹುದಾದ ಬಿಸಿನೀರಿನಲ್ಲಿ, ಅಂದ್ರೆ ಸುಮಾರು 45 ಡಿಗ್ರಿ, 20 ನಿಮಿಷ ಇಡಿ. ಮಕ್ಕಳಿಗಾದರೆ ಮೊದಲು ನಿಮ್ಮ ಕೈಗೆ ಹಾಕಿ ನೋಡಿ. ಇದೇ ರಾಜ್ಯದ ನ್ಯೂಕ್ಯಾಸಲ್ ಊರಿನ ಬೀಚುಗಳಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಐಸ್‌ಗಿಂತ ಬಿಸಿನೀರೇ ನೋವನ್ನು ಚೆನ್ನಾಗಿ ತಗ್ಗಿಸಿತು. ವಿನಿಗರ್ ಇದಕ್ಕಲ್ಲ, ಅದು ಆಸ್ಟ್ರೇಲಿಯಾದ ಉತ್ತರ ಭಾಗದ ಬಾಕ್ಸ್ ಜೆಲ್ಲಿಗೆ. ಮೂತ್ರ ಅಂತೂ ಯಾವುದಕ್ಕೂ ಅಲ್ಲ, ಅದು ಟೀವಿ ಧಾರಾವಾಹಿಯ ವಿಜ್ಞಾನ.

ಇಷ್ಟನ್ನೂ ಆ ದಿನ ಮಕ್ಕಳಿಗೂ ಅಜ್ಜಿಗೂ ಹೇಳಿದೆವು. ಅಜ್ಜಿ ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿದರು. ಪಕ್ಕದಲ್ಲಿದ್ದ ಬೇರೆ ಮಕ್ಕಳಿಬ್ಬರು ಕೂಡ ಬಂದು ನಿಂತರು. ಬಹಳ ಖುಷಿಯಾಯ್ತು ನಮಗೆ. ಈಗ ಯೋಚಿಸಿದರೆ, ಎಡವಟ್ಟು ಶುರುವಾಗಿದ್ದು ಅಲ್ಲೇ ಅನ್ನಿಸುತ್ತೆ. ನಮಗೆ ಗೊತ್ತಿದ್ದ ಅಪಾಯವನ್ನು ಹುಡುಕಿದೆವು, ಸಿಕ್ಕಿತು, ಮಕ್ಕಳನ್ನು ಅದರಿಂದ ಕಾಪಾಡಿದೆವು. ಆ ದಿನದ ಜವಾಬ್ದಾರಿ ಮುಗಿಯಿತು ಅನ್ನೋ ನೆಮ್ಮದಿಯಲ್ಲಿ ಊಟಕ್ಕೆ ಕೂತೆವು.

ಚಿತ್ರಾನ್ನ, ಮೊಸರನ್ನ, ಹಪ್ಪಳ. ಸೀಗಲ್ ಹಕ್ಕಿಗಳಿಗೂ ಹಪ್ಪಳ ಇಷ್ಟ ಅಂತ ಅವತ್ತು ತಿಳಿಯಿತು. ಊಟ ಮುಗಿಯುವ ಹೊತ್ತಿಗೆ ಕಡಲು ಏರುತ್ತಿತ್ತು. ಕಲ್ಲುಗಳ ಮೇಲಿಂದ ಅಲೆ ಹಾರಿ ಬೋಗಿ ಹೋಲ್ ಒಳಗೆ ಬೀಳತೊಡಗಿತು. ಬೆಳಗ್ಗೆ ಕನ್ನಡಿಯಂತಿದ್ದ ನೀರು ಈಗ ಕುದಿಯೋ ಸಾರಿನ ಹಾಗೆ. ಮಗಳನ್ನು ಒಂದು ಅಲೆ ಕಲ್ಲಿಗೆ ಒತ್ತಿತು, ಮೊಣಕೈ ತರಚಿತು. ಇಲ್ಲಿ ಬೇಡ ಅಂತ ಹೊರಗೆ ಬಂದೆವು. ಅವಳಿಗೋ ಇನ್ನೂ ನೀರಾಟ ಸಾಲದು.

ಬೀಚಿನ ನಡುವೆ ಕೆಂಪು-ಹಳದಿ ಬಾವುಟಗಳು ಕಂಡವು. ಎರಡು ಬಾವುಟದ ನಡುವೆ ಜನವೋ ಜನ, ಅಲೆಗಳೂ ಜೋರು. ಒಂದರ ಹಿಂದೆ ಒಂದು ಬಂದು ಬಿಳಿ ನೊರೆಯಾಗಿ ಒಡೆಯುತ್ತಿದ್ದವು. ಮಕ್ಕಳು ಕಿರುಚಿಕೊಂಡು ಬೀಳುತ್ತಿದ್ದರು, ಏಳುತ್ತಿದ್ದರು. ನಾವು ನಿಂತಿದ್ದ ದಕ್ಷಿಣದ ಬಂಡೆಯ ಪಕ್ಕದಲ್ಲಿ ಮಾತ್ರ ಒಂದು ಓಣಿಯಷ್ಟು ಅಗಲದ ಜಾಗ, ಅಲೆಯೇ ಇಲ್ಲ. ನೀರು ಕಡುಹಸಿರು, ನಯವಾಗಿತ್ತು. ಜನವೂ ಇಲ್ಲ.

ಅಜ್ಜಿ ಬೆರಳು ಮಾಡಿ ತೋರಿಸಿದರು. "ಅಲ್ನೋಡ್ರಪ್ಪ, ಅಲೆನೇ ಇಲ್ಲ. ನಮ್ಮ ಕೆರೆ ಇದ್ದಂಗೈತೆ. ಕೂಸ್ನ ಅಲ್ಲಿಗ್ ಕರ್ಕೊಂಡ್ ಹೋಗಿ."

ನಮಗೂ ಅದೇ ಸರಿ ಅನ್ನಿಸಿತು. ಈ ಮಾತನ್ನು ಒತ್ತಿ ಹೇಳಬೇಕು. ಅಜ್ಜಿ ಹೇಳಿದ್ದಕ್ಕೆ ಹೋದದ್ದಲ್ಲ. ನಾವಿಬ್ಬರೂ ನೋಡಿ, ಯೋಚಿಸಿ, ಮಗುವಿಗೆ ಅದೇ ಕ್ಷೇಮ ಅಂತ ತೀರ್ಮಾನಿಸಿ ಹೋದದ್ದು.

ಒಬ್ಬರು ಮಗಳ ಕೈ ಹಿಡಿದು ನೀರಿಗೆ ಇಳಿದೆವು, ಒಬ್ಬರು ಚಿಕ್ಕವನ ಜೊತೆ ಮರಳಲ್ಲಿ ಉಳಿದೆವು. ಯಾರು ನೀರಲ್ಲಿ, ಯಾರು ದಡದಲ್ಲಿ ಅಂತ ಇಲ್ಲಿ ಹೇಳೋದಿಲ್ಲ, ಮನೆಯಲ್ಲಿ ಆ ವಾದ ಇನ್ನೂ ನಡೀತಿದೆ. ನೀರು ಮೊದಲು ಮೊಣಕಾಲಿಗೆ ಬಂತು. ಇನ್ನೆರಡು ಹೆಜ್ಜೆಗೆ ತೊಡೆ. ಮತ್ತೊಂದು ಹೆಜ್ಜೆ ಇಟ್ಟಾಗ ಕೆಳಗೆ ಮರಳೇ ಇರಲಿಲ್ಲ. ಮಗಳನ್ನು ಎತ್ತಿ ಎದೆಗೆ ಅವುಚಿಕೊಂಡು ದಡದ ಕಡೆ ತಿರುಗಿ ಕಾಲು ಬಡಿದರೆ, ದಡ ಹತ್ತಿರ ಬರಲಿಲ್ಲ. ದೂರ ಹೋಗುತ್ತಿತ್ತು. ಅಲೆ ಇಲ್ಲ, ಸದ್ದಿಲ್ಲ, ಯಾರೂ ಎಳೆದ ಹಾಗೂ ಇಲ್ಲ. ಚಲಿಸುವ ರೈಲಲ್ಲಿ ಕೂತಾಗ ಪ್ಲಾಟ್‌ಫಾರ್ಮ್ ಹಿಂದೆ ಸರಿಯುತ್ತಲ್ಲ, ಹಾಗೆ.

ಅಷ್ಟು ಹೊತ್ತಿಗೆ ದಡದಿಂದ ಮೂವತ್ತು ಮೀಟರ್ ಆಗಿತ್ತೋ ಏನೋ. ಬುದ್ಧಿ ಕೆಲಸ ಮಾಡಿದ್ದು ಒಂದೇ ಕಡೆ: ಸಿಡ್ನಿಗೆ ಹೊಸದಾಗಿ ಬಂದಾಗ ರೈಲು ನಿಲ್ದಾಣದಲ್ಲಿ ನೋಡಿದ್ದ ಒಂದು ಪೋಸ್ಟರ್ ನೆನಪಾಯಿತು. ಸಮಾಧಾನ, ತೇಲು, ಕೈ ಎತ್ತು. ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಅಂಗಾತ ತೇಲಿ, ಒಂದು ಕೈ ಎತ್ತಿ ಹಿಡಿದೆವು. ದಡದಲ್ಲಿದ್ದವರು ಅದನ್ನು ನೋಡಿ ಕೈ ಬೀಸಿ ನಕ್ಕೆವು. ಹೌದು. ಆಟ ಆಡ್ತಿದಾರೆ ಅಂದುಕೊಂಡೆವು.

ಲೈಫ್‌ಗಾರ್ಡ್ ಹಾಗೆ ಅಂದುಕೊಳ್ಳಲಿಲ್ಲ. ನಾವು ನೀರಿಗೆ ಇಳಿದಾಗಲೇ ನೋಡಿದ್ದರಂತೆ, ಸೀಟಿ ಊದಿದ್ದರಂತೆ. ಆ ಸೀಟಿ ನಮಗೇ ಅಂತ ನಮಗೆ ಗೊತ್ತಾಗಲಿಲ್ಲ. ಮಂಡಿಯೂರಿ ಬೋರ್ಡ್ ನಡೆಸಿಕೊಂಡು ಬಂದು ಮಗಳನ್ನು ಮೇಲೆ ಹಾಕಿಕೊಂಡರು, ನಮ್ಮ ಕೈಗೆ ಪಟ್ಟಿ ಕೊಟ್ಟರು. ಎಲ್ಲ ಸೇರಿ ಎರಡು ಮೂರು ನಿಮಿಷದ ಮಾತು. ಮಗಳು ಉಪ್ಪುನೀರು ಕುಡಿದು ಕೆಮ್ಮುತ್ತಿದ್ದಳು, ತುಟಿ ನೀಲಿಯಾಗಿತ್ತು. ಮಕ್ಕಳ ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ಶಾಖ ಬೇಗ ಕಳೆದುಕೊಳ್ಳುತ್ತಾರೆ. ಟವೆಲ್ಲಿನಲ್ಲಿ ಸುತ್ತಿ ಕೂರಿಸಿದೆವು. ಅಜ್ಜಿಗೆ ಮಾತೇ ಹೊರಡಲಿಲ್ಲ. ಲೈಫ್‌ಗಾರ್ಡ್ ಬೈಯಲಿಲ್ಲ. ನಮ್ಮನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ಕಡಲ ಕಡೆ ಬೆರಳು ತೋರಿಸಿ ಹೇಳಿದರು: ಬಿಳಿ, ಬಿಳಿ, ಬಿಳಿ, ಹಸಿರು. ಆ ಹಸಿರು ಜಾಗವೇ ರಿಪ್.

ರಿಪ್ ಕರೆಂಟ್. ಕನ್ನಡದಲ್ಲಿ ಹೊಳೆಯ ಸೆಳವು ಅಂತೀವಲ್ಲ, ಇದು ಕಡಲ ಸೆಳವು. ಹೇಗೆ ಆಗುತ್ತೆ ನೋಡಿ. ಅಲೆ ಒಡೆದಾಗಲೆಲ್ಲ ಅದು ನೀರನ್ನು ದಡದ ಕಡೆ ತಳ್ಳುತ್ತದೆ. ಒಂದರ ಮೇಲೊಂದು ಅಲೆ ತಳ್ಳುತ್ತಲೇ ಇದ್ದರೆ ದಡದ ಬಳಿ ನೀರಿನ ಮಟ್ಟ ತುಸು ಏರುತ್ತದೆ. ಆ ನೀರು ವಾಪಸ್ ಹೋಗಲೇಬೇಕು. ಎಲ್ಲಿ ದಾರಿ ಸುಲಭವೋ ಅಲ್ಲಿ ಹೋಗುತ್ತದೆ: ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ, ಇಲ್ಲವೇ ಬಂಡೆಯ ಪಕ್ಕದಲ್ಲಿ. ಹೋಗುತ್ತಾ ಹೋಗುತ್ತಾ ಅಡಿಯ ಮರಳನ್ನೂ ಕೊರೆದು ಕಾಲುವೆ ಮಾಡಿಕೊಳ್ಳುತ್ತದೆ. ಈಗ ಮುಖ್ಯವಾದ ಮಾತು. ಅಲೆ ಒಡೆಯೋದು ನೀರು ಆಳವಿಲ್ಲದ ಕಡೆ. ಕಾಲುವೆ ಆಳವಾದ್ದರಿಂದ ಅಲ್ಲಿ ಅಲೆ ಒಡೆಯೋದಿಲ್ಲ. ನೊರೆ ಇಲ್ಲ, ಅದಕ್ಕೇ ನಯ. ಆಳ, ಅದಕ್ಕೇ ಕಡುಹಸಿರು. ಅಂದ್ರೆ ಬೀಚಿನಲ್ಲಿ ಎಲ್ಲಕ್ಕಿಂತ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಹೊರಕ್ಕೆ ಓಡುವ ಹೊಳೆ. ನಮಗೆ ಅಲೆ ಇಲ್ಲ ಅನ್ನೋದಷ್ಟೇ ಕಂಡಿತ್ತು, ಅಲೆ ಯಾಕಿಲ್ಲ ಅಂತ ಕೇಳಿಕೊಳ್ಳಲಿಲ್ಲ. ವಿಜ್ಞಾನದವರು ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ರಾಬ್ ಬ್ರಾಂಡರ್ ಅವರು ಇದನ್ನೇ ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಜನ ಅವರನ್ನು 'ಡಾಕ್ಟರ್ ರಿಪ್' ಅಂತಲೇ ಕರೀತಾರೆ. ಅವರು ನೀರಿಗೆ ನೇರಳೆ ಬಣ್ಣ ಸುರಿದು ತೋರಿಸುವ ವಿಡಿಯೊಗಳಿವೆ, ಒಮ್ಮೆ ನೋಡಿ. ದಡದ ಬಳಿ ಹಾಕಿದ ಬಣ್ಣ ನೋಡನೋಡುತ್ತಿದ್ದಂತೆ ನಾಲಿಗೆಯ ಹಾಗೆ ಚಾಚಿಕೊಂಡು ಅಲೆಗಳಾಚೆ ಹೋಗುತ್ತದೆ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್, ಜೋರಾದಾಗ ಎರಡು ಮೀಟರ್. ನೂರು ಮೀಟರ್ ಈಜಿನ ವಿಶ್ವದಾಖಲೆಯ ವೇಗವೂ ಸೆಕೆಂಡಿಗೆ ಎರಡು ಮೀಟರಿನ ಆಸುಪಾಸೇ. ಚೀಲದಲ್ಲಿ ಮಗು ಹೊತ್ತಂತೆ ಈಜುವ ನಮ್ಮಂಥವರು ಅದರ ಎದುರು ಎಷ್ಟು ಕಾಲು ಬಡಿದರೂ ದಣಿವೊಂದೇ ಲಾಭ.

2013ರಲ್ಲಿ ಬ್ರಾಂಡರ್ ಮತ್ತು ಸಂಗಡಿಗರು ಒಂದು ಲೆಕ್ಕ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ಸೆಳವಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 21 ಜನ ಸಾಯುತ್ತಾರೆ ಅಂತ. ಶಾರ್ಕಿನಿಂದ ವರ್ಷಕ್ಕೆ ಸುಮಾರು ಒಬ್ಬರು. ಕಾಳ್ಗಿಚ್ಚು, ಪ್ರವಾಹ, ಚಂಡಮಾರುತ, ಶಾರ್ಕ್ ಎಲ್ಲದರ ಸರಾಸರಿ ಕೂಡಿಸಿದರೂ ಸೆಳವಿನದೇ ಹೆಚ್ಚು. ಆದರೆ ಊರಿಂದ ಫೋನ್ ಮಾಡಿದವರು ಕೇಳೋದು ಶಾರ್ಕ್ ಬಗ್ಗೆಯೇ. ಬೀಚಿನ ಫೋಟೊ ತೋರಿಸಿ ಎಲ್ಲಿ ಇಳಿದರೆ ಕ್ಷೇಮ ಅಂತ ಕೇಳಿದಾಗ ಬಹಳ ಜನ ಬೆರಳಿಡುವುದು ಸೆಳವಿನ ಮೇಲೆಯೇ ಅನ್ನೋದೂ ಸಂಶೋಧನೆಗಳಲ್ಲಿ ಕಂಡಿದೆ. ನಾವು ಒಂಟಿಯಲ್ಲ ಅನ್ನೋದು ಸಣ್ಣ ಸಮಾಧಾನ.

ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲನೆಯದಾಗಿ, ಸೆಳವು ಕೆಳಕ್ಕೆ ಎಳೆಯೋದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗಿಸೋದು ಅದರ ಎದುರು ಈಜಿ ಆಗುವ ದಣಿವು, ಗಾಬರಿ. ಉಪ್ಪುನೀರು ಸಿಹಿನೀರಿಗಿಂತ ಒಂದಿಷ್ಟು ಸಾಂದ್ರ, ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಮೈ ತೇಲುತ್ತದೆ. ಹಾಗಾಗಿ ತೇಲಿ, ಕೈ ಎತ್ತಿ, ಕೂಗಲು ಆದರೆ ಕೂಗಿ. ಅಡ್ಡಕ್ಕೆ ಈಜಿ ಅಂತ ಹಳೆಯ ಸಲಹೆ ಕೇಳಿರುತ್ತೀರಿ, ಅದು ಕೆಲವೊಮ್ಮೆ ಸರಿ, ಎಲ್ಲ ಸಲವೂ ಅಲ್ಲ. ಜಿಪಿಎಸ್ ಕಟ್ಟಿದ ತೇಲುಗಳನ್ನು ಸೆಳವಿಗೆ ಬಿಟ್ಟು ನೋಡಿದಾಗ ಎಷ್ಟೋ ತೇಲುಗಳು ದೊಡ್ಡ ಸುತ್ತು ಹೊಡೆದು ಮತ್ತೆ ಮರಳದಿಬ್ಬದ ಕಡೆಗೇ ಬಂದವು. ಆದರೆ ಕೆಲವು ಹೊರಗೆ ಹೋಗೇಬಿಟ್ಟವು. ಯಾವುದು ಹೇಗೆ ಅಂತ ನೀರಲ್ಲಿ ಇದ್ದವರಿಗೆ ತಿಳಿಯೋದಿಲ್ಲ. ಈಜಲು ಶಕ್ತಿ ಇದ್ದರೆ ಬಿಳಿ ನೊರೆಯ ಕಡೆಗೆ ಹೋಗಿ, ಅಲ್ಲಿ ಆಳ ಕಡಿಮೆ, ಅಲೆಯೇ ದಡಕ್ಕೆ ತಳ್ಳುತ್ತದೆ. ಮಕ್ಕಳ ಹಿಂದೆ ನೀವೂ ಹಾರುವ ಮುನ್ನ ತೇಲುವಂಥದ್ದು ಏನಾದರೂ ಕೈಯಲ್ಲಿ ಹಿಡಿದುಕೊಳ್ಳಿ, ಒಂದು ಮುಚ್ಚಿದ ಖಾಲಿ ಐಸ್‌ಬಾಕ್ಸ್ ಆದರೂ ಸರಿ. ಕಾಪಾಡಲು ಹೋದ ತಂದೆ ತಾಯಿಯೇ ಮುಳುಗಿ ಮಗು ಬದುಕಿ ಬಂದ ಸುದ್ದಿ ಇಲ್ಲಿ ಪ್ರತಿ ಬೇಸಿಗೆಯಲ್ಲೂ ಎಂಬಂತೆ ಓದುತ್ತೇವೆ.

ನಮ್ಮನ್ನು ಇನ್ನೂ ಕಾಡುವುದು ಆ ಕೈಬೀಸು. ದಡದಲ್ಲಿದ್ದ ನಾವು ನಕ್ಕು ಕೈ ಬೀಸಿದ್ದು. ಮುಳುಗುವವರು ಸಿನಿಮಾದ ಹಾಗೆ ಕಾಪಾಡಿ ಕಾಪಾಡಿ ಅಂತ ಕೂಗುತ್ತಾರೆ ಅಂತ ನಾವೆಲ್ಲ ನಂಬಿದ್ದೇವೆ. ಅಮೆರಿಕದ ಫ್ರಾನ್ಸೆಸ್ಕೊ ಪಿಯಾ ಎಂಬ ಲೈಫ್‌ಗಾರ್ಡ್ ನ್ಯೂಯಾರ್ಕಿನ ಬೀಚಿನಲ್ಲಿ ಮುಳುಗುತ್ತಿದ್ದವರ ಚಿತ್ರೀಕರಣವನ್ನು ಕೂತು ಅಧ್ಯಯನ ಮಾಡಿ ಹೇಳಿದ್ದೇ ಬೇರೆ. ಮುಳುಗುವುದು ಬಹುಮಟ್ಟಿಗೆ ನಿಶ್ಶಬ್ದ. ಉಸಿರಾಟ ಮೊದಲ ಕೆಲಸ, ಮಾತು ಆಮೇಲಿನದ್ದು. ಬಾಯಿ ನೀರಿನ ಮೇಲೆ ಬರುವ ಚೂರು ಹೊತ್ತಿನಲ್ಲಿ ಉಸಿರೆಳೆಯಲಿಕ್ಕೇ ಸಮಯ ಸಾಲದು, ಕೂಗು ಎಲ್ಲಿಂದ ಬರಬೇಕು? ಕೈಗಳು ಮೇಲೆ ಬೀಸುವುದಿಲ್ಲ, ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತವೆ. ಮೈ ನೆಟ್ಟಗೆ ನಿಂತಿರುತ್ತದೆ. ಇದೆಲ್ಲ 20ರಿಂದ 60 ಸೆಕೆಂಡಿನ ಆಟ. ಚಿಕ್ಕ ಮಕ್ಕಳಾದರೆ ಇನ್ನೂ ಬೇಗ. ವಾಟ್ಸಾಪಿನಲ್ಲಿ ಒಂದು ಮೆಸೇಜು ಓದಿ ತಲೆ ಎತ್ತುವಷ್ಟು ಹೊತ್ತು.

ನಮ್ಮ ಕನ್ನಡ ಗುಂಪುಗಳ ಬೀಚ್ ಪಿಕ್ನಿಕ್ಕುಗಳು ನೆನಪಾಗುತ್ತವೆ. ಹತ್ತು ಕುಟುಂಬ, ಹದಿನೈದು ಮಕ್ಕಳು, ಅಂತ್ಯಾಕ್ಷರಿ, ಬಜ್ಜಿ. ಮಕ್ಕಳನ್ನು ಯಾರು ನೋಡ್ತಿದಾರೆ ಅಂದ್ರೆ ಎಲ್ರೂ ನೋಡ್ತಿದೀವಿ ಅಂತ ಉತ್ತರ. ಹಾಗಂದ್ರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ. ಈಗ ನಮ್ಮ ಗುಂಪಿನಲ್ಲಿ ಪಾಳಿ ಮಾಡಿಕೊಂಡಿದ್ದೇವೆ. ಹದಿನೈದು ನಿಮಿಷ ಒಬ್ಬರದು. ಪಾಳಿಯಲ್ಲಿದ್ದವರ ತಲೆಗೆ ಒಂದು ಕೆಂಪು ಟೋಪಿ, ಕೈಯಲ್ಲಿ ಫೋನ್ ಇಲ್ಲ, ಬಾಯಲ್ಲಿ ಬಜ್ಜಿಯೂ ಇಲ್ಲ. ನಮ್ಮ ಗೆಳೆಯರೊಬ್ಬರು ಇದನ್ನು ಪೊಲೀಸ್ ಬಂದೋಬಸ್ತ್ ಅಂತ ತಮಾಷೆ ಮಾಡ್ತಾರೆ, ಆದರೆ ತಮ್ಮ ಪಾಳಿ ತಪ್ಪಿಸೋದಿಲ್ಲ.

ಇಲ್ಲಿನ ಲೆಕ್ಕ ಹಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು. ಅಜ್ಜಿ ಕಾಲು ನೆನೆಸಿ ಬಂದಿದ್ದ ಅದೇ ಮುರುಡೇಶ್ವರದ ದಡದಲ್ಲಿ, 2024ರ ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳು. ಕಡಲನ್ನು ಓದಲು ಅವರಿಗೆ ಯಾರು ಕಲಿಸಿದ್ದರು? ಅರಸೀಕೆರೆಯ ಅಜ್ಜಿಗೆ, ನಮಗೆ ಯಾರು ಕಲಿಸಿದ್ದರು? ಕೆರೆಯ ನೀರಿಗೆ ಅಜ್ಜಿಯ ಲೆಕ್ಕ ಸರಿಯಾಗಿಯೇ ಇದೆ. ಕೆರೆಯಲ್ಲಿ ನೋಡಬೇಕಾದ್ದು ಕೆಸರು, ಪಾಚಿ, ಹೂಳು ತೆಗೆದ ಗುಂಡಿ. ಅದನ್ನೆಲ್ಲ ಅವರು ಚಿಕ್ಕಂದಿನಲ್ಲೇ ಅರೆದು ಕುಡಿದಿದ್ದಾರೆ. ಆ ಲೆಕ್ಕವನ್ನೇ ಕಡಲಿಗೆ ತಂದರೆ ತಲೆಕೆಳಗಾಗುತ್ತದೆ. ಕರಾವಳಿಯಲ್ಲಿ ಹುಟ್ಟಿದವರು ಇದನ್ನು ಕೇಳಿ ನಗಬಹುದು. ನಗಿ ಪರವಾಗಿಲ್ಲ, ಆದರೆ ಘಟ್ಟದ ಮೇಲಿನ ನೆಂಟರು ಬಂದಾಗ ಹೇಳಿಕೊಡಿ. ಮಳೆಗಾಲದಲ್ಲಿ ಮಲ್ಪೆಯಂಥ ಕಡೆ ದಡದುದ್ದಕ್ಕೂ ಬಲೆ ಕಟ್ಟಿ ಜನರನ್ನು ನೀರಿಗಿಳಿಯದಂತೆ ತಡೆಯುತ್ತಾರೆ. ಬಲೆ ತೆಗೆದ ಮಾತ್ರಕ್ಕೆ ಸೆಳವು ಹೋಗಿರೋದಿಲ್ಲ, ಮರಳಿನ ಅಡಿಗಾಲುವೆ ಹಾಗೇ ಇರಬಹುದು.

ನಾವು ಈಗ ಮಾಡೋದು ಇಷ್ಟು. ಹೊರಡುವ ಮುಂಚೆ ಯಾವ ಬೀಚಿನಲ್ಲಿ ಆ ದಿನ ಕಾವಲು ಇದೆ ಅಂತ 'ಬೀಚ್‌ಸೇಫ್' ಆ್ಯಪಿನಲ್ಲಿ ನೋಡ್ತೀವಿ. ತಲುಪಿದ ಮೇಲೆ ಚಾಪೆ ಹಾಸುವ ಮೊದಲು ಹತ್ತು ನಿಮಿಷ ಎತ್ತರದಲ್ಲಿ ನಿಂತು ನೀರು ನೋಡ್ತೀವಿ. ಬಿಳಿ ಎಲ್ಲಿ, ಹಸಿರು ಎಲ್ಲಿ, ನೊರೆ ಯಾವ ಕಡೆ ತೇಲಿಹೋಗ್ತಿದೆ ಅಂತ ಮಗಳೇ ಹೇಳಬೇಕು. ಬಾವುಟದ ನಡುವೆ ಮಾತ್ರ ಇಳಿಯೋದು. ಅಲೆ ಜೋರು ಅನ್ನಿಸಿದರೆ ಪಕ್ಕಕ್ಕೆ ಹೋಗೋದಿಲ್ಲ, ನೀರಿನಿಂದ ಹೊರಗೆ ಬರ್ತೀವಿ. ಚಿಕ್ಕವನಿಗೆ ಮೊಣಕಾಲು ಮಟ್ಟದ ನೀರು ಅಂದ್ರೆ ಅವನ ಮೊಣಕಾಲು, ನಮ್ಮದಲ್ಲ. ಗಾಳಿ ತುಂಬಿದ ಬಾತುಕೋಳಿ ಟ್ಯೂಬನ್ನು ಕಡಲಿಗೆ ಒಯ್ಯೋದು ಬಿಟ್ಟಿದ್ದೇವೆ, ದಡದಿಂದ ಹೊರಕ್ಕೆ ಗಾಳಿ ಬೀಸಿದರೆ ಅದು ಮಗುವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಇನ್ನೊಂದು. ಮಕ್ಕಳನ್ನು ಈಜು ತರಗತಿಗೆ ಸೇರಿಸಿ ಗಾಜಿನ ಆಚೆ ಕೂತು ಕಾಫಿ ಕುಡಿಯುವ ನಮ್ಮಂಥ ಅಪ್ಪ-ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಸ್ವತಃ ಈಜು ಬರುತ್ತೆ? ನಮ್ಮಲ್ಲಿ ಒಬ್ಬರಿಗೆ ಅಷ್ಟಿಷ್ಟು ಬರುತ್ತಿತ್ತು, ಒಬ್ಬರಿಗೆ ಏನೂ ಇಲ್ಲ. ಬಾರದವರು ಅವತ್ತು ನೀರಿನಲ್ಲಿ ಇದ್ದಿದ್ದರೆ ಅಂತ ಯೋಚಿಸೋಕೆ ಈಗಲೂ ಧೈರ್ಯ ಸಾಲದು. ಫೆಬ್ರವರಿಯಿಂದ ಇಬ್ಬರೂ ಹತ್ತಿರದ ಈಜುಕೊಳದಲ್ಲಿ ದೊಡ್ಡವರ ತರಗತಿಗೆ ಸೇರಿದೆವು. ಮೊದಲ ದಿನ ನಾಚಿಕೆ, ಕೊಳದ ತುಂಬ ನಮ್ಮ ವಯಸ್ಸಿನ, ನಮ್ಮ ಬಣ್ಣದ ಜನರೇ ಇದ್ದದ್ದು ನೋಡಿ ನಾಚಿಕೆ ಹೋಯಿತು. ಮೊದಲ ಎರಡು ವಾರ ಕಲಿತಿದ್ದು ಅಂಗಾತ ತೇಲೋದೊಂದೇ.

ಮಗಳು ನಿಪ್ಪರ್ಸ್ ಸೇರಿದ್ದಾಳೆ. ಐದು ದಾಟಿದ ಮಕ್ಕಳಿಗೆ ಬೇಸಿಗೆಯ ಭಾನುವಾರಗಳಲ್ಲಿ ಬೀಚಿನ ಕ್ಲಬ್ಬುಗಳು ಕಡಲನ್ನು ಕಲಿಸುವ ವ್ಯವಸ್ಥೆ ಅದು, ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ಓಡುತ್ತಾರೆ. ಮೊದಲ ಭಾನುವಾರ ಅವಳು ನೀರಿಗೆ ಇಳಿಯಲಿಲ್ಲ, ನಮ್ಮ ಕಾಲು ಹಿಡಿದು ನಿಂತಳು. ಯಾರೂ ಬಲವಂತ ಮಾಡಲಿಲ್ಲ. ಎರಡನೇ ವಾರ ಪಾದ. ಮೂರನೇ ವಾರ ಮೊಣಕಾಲು.

ಅಜ್ಜಿ ಮಾರ್ಚಿನಲ್ಲಿ ಊರಿಗೆ ಹೋದರು. ಹೋಗುವ ಮುನ್ನ ಇನ್ನೊಂದು ಸಲ ಕಡಲು ನೋಡಬೇಕು ಅಂದರು, ಅದೇ ಬ್ರಾಂಟೆಗೆ ಕರೆದುಕೊಂಡು ಹೋದೆವು. ದಕ್ಷಿಣದ ಬಂಡೆಯ ಪಕ್ಕ ಅದೇ ಹಸಿರು ಓಣಿ, ಅಷ್ಟೇ ನಯವಾಗಿ ಹರೀತಿತ್ತು. ಒಂದು ಕುಟುಂಬ, ಯಾವ ದೇಶದವರೋ ಗೊತ್ತಿಲ್ಲ, ಪುಟ್ಟ ಮಗುವನ್ನು ಎತ್ತಿಕೊಂಡು ಆ ಕಡೆ ನಡೀತಿದ್ರು. ನಾವು ಏಳುವಷ್ಟರಲ್ಲಿ ಅಜ್ಜಿ ಎದ್ದಾಗಿತ್ತು. ಸೆರಗು ಸಿಕ್ಕಿಸಿಕೊಂಡು, ಮಡಿಚಿದ ಕೊಡೆಯನ್ನು ಅಡ್ಡ ಹಿಡಿದು, ಅಚ್ಚ ಅರಸೀಕೆರೆ ಕನ್ನಡದಲ್ಲಿ ಕೂಗುತ್ತಾ ಹೋದರು. "ಏಯ್, ಅಲ್ಲಿ ಬ್ಯಾಡ! ಅಲ್ಲಿ ಬ್ಯಾಡ ಕಣವ್ವಾ, ಬಾವುಟದ್ ತಾವ ಹೋಗು!"

ಆ ಹೆಂಗಸಿಗೆ ಭಾಷೆ ತಿಳಿಯಲಿಲ್ಲ. ಕೊಡೆ ತಿಳಿಯಿತು. ಬಾವುಟಗಳ ಕಡೆ ತಿರುಗಿದರು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಪ್ರಯೋಗಾಲಯಕ್ಕೆ ವಾಪಸ್.